ಕಪ್ಪು ಗಾಡಿಗೆ ಹೊಳಪು ತಂದ ಪಾಡು

ಮೈಸೂರಿನ ನಜರ್‌ಬಾದಿನಲ್ಲಿ ನನ್ನ ಮನೆ. ಇರುವುದು ಒಂದೇ ಗಾಡಿ, ಕಪ್ಪು ಸೆಡಾನ್. ಅದನ್ನು ಬಾಡಿಗೆಗೆ ಓಡಿಸಿಯೇ ಸಂಸಾರ ನಡೆಯಬೇಕು, ಬ್ಯಾಂಕಿನ ಕಂತೂ ತೀರಬೇಕು. ಮದುವೆಯಂಥ ಶುಭಕಾರ್ಯಕ್ಕೆ ಕಪ್ಪು ಬೇಡ ಎನ್ನುವ ಹಿರಿಯರು ನಮ್ಮ ಕಡೆ ಇನ್ನೂ ಇದ್ದಾರೆ. ಆದರೆ ಈಗಿನ ಹುಡುಗ ಹುಡುಗಿಯರು ರಿಸೆಪ್ಷನ್ನಿಗೆ ಕಪ್ಪು ಗಾಡಿಯೇ ಬೇಕೆಂದು ಕೇಳುತ್ತಾರೆ; ಹೂವಿನ ಅಲಂಕಾರ ಅದರ ಮೇಲೆ ಎದ್ದು ಕಾಣುತ್ತದೆ. ಆ ಹೊಳಪಿಗೇ ಅವರು ದುಡ್ಡು ಕೊಡುವುದು.

ಆಷಾಢದಲ್ಲಿ ಮದುವೆ ಇರುವುದಿಲ್ಲ. ಶ್ರಾವಣಕ್ಕೆ ಗಾಡಿ ಸಿದ್ಧವಾಗಿರಲೆಂದು ಒಂದು ವಾಟರ್ ಸರ್ವಿಸ್‌ನಲ್ಲಿ ಪಾಲಿಶ್‌ಗೆ ಬಿಟ್ಟೆ. “ಶೋರೂಮ್ ಹೊಳಪು ಬರುತ್ತೆ ಬಿಡಿ ಸಾರ್” ಎಂದರು. ಒಂದೇ ಕಡೆ ಗಿರಗಿರ ಸುತ್ತುವ ಬಫಿಂಗ್ ಮಿಷಿನ್‌ಗೆ ಉಣ್ಣೆಯ ಪ್ಯಾಡ್ ಹಾಕಿ, ಒರಟು ಕಾಂಪೌಂಡ್ ಬಳಿದು ಉಜ್ಜಿದರು. ಶೆಡ್ಡಿನ ನೆರಳಲ್ಲಿ ಮುಖ ನೋಡಿಕೊಳ್ಳುವ ಹಾಗಿತ್ತು.

ಮೊದಲ ರಿಸೆಪ್ಷನ್ನಿಗೆ ಛತ್ರದ ಮುಂದೆ ನಿಲ್ಲಿಸಿದೆ. ಎಲ್‌ಇಡಿ ದೀಪಗಳ ಬೆಳಕು ಬಾನೆಟ್ ಮೇಲೆ ಬಿದ್ದದ್ದೇ ತಡ, ಪ್ರತಿ ದೀಪದ ಸುತ್ತಲೂ ಜೇಡರ ಬಲೆ ನೇಯ್ದಂತೆ ಗೆರೆಗಳು ಎದ್ದವು. ಮಿಷಿನ್ ಸುತ್ತಿದ ಜಾಡು ಬಾಗಿಲುಗಳ ಉದ್ದಕ್ಕೂ ಮಬ್ಬಾಗಿ ಕಾಣುತ್ತಿತ್ತು. ಹುಡುಗನ ಸೋದರಮಾವ ಗಾಡಿಯನ್ನು ಒಂದು ಸುತ್ತು ಹಾಕಿ, “ಏನಪ್ಪಾ, ಫೋಟೋದಲ್ಲಿ ಹಿಂಗಿರಲಿಲ್ಲವಲ್ಲ” ಎಂದರು. ಅಷ್ಟು ಜನರ ಎದುರಿಗೆ ನನಗೆ ಮಾತೇ ಹೊರಡಲಿಲ್ಲ. ಅದೇ ಮನೆತನದವರು ಹೇಳಿಟ್ಟಿದ್ದ ಮುಂದಿನ ಬಾಡಿಗೆಯೂ ತಪ್ಪಿತು.

ಇನ್ನೊಂದು ಕಡೆ ಹೋದೆ. ಅಲ್ಲಿ ಯಾವುದೋ ಎಣ್ಣೆಯಂಥ ಪಾಲಿಶ್ ಹಚ್ಚಿದರು, ಗೆರೆಗಳೆಲ್ಲ ಮಾಯ. ಮಳೆಯಲ್ಲಿ ಓಡಾಡಿ, ಶಾಂಪೂ ಹಾಕಿ ತೊಳೆಯುತ್ತ ಬಂದ ಹಾಗೆ ಒಂದೊಂದಾಗಿ ಎಲ್ಲವೂ ವಾಪಸ್ಸು ಬಂದವು. ಗೀರನ್ನು ತೆಗೆಯದೆ ಎಣ್ಣೆ, ಮೇಣ ತುಂಬಿ ಮುಚ್ಚುವ ಪಾಲಿಶ್ ಅದು. ಕೊಟ್ಟ ದುಡ್ಡಿಗಿಂತ ನನಗೆ ಸಂಕಟವಾದದ್ದು ಕಂತಿನ ತಾರೀಕು ಹತ್ತಿರ ಬರುತ್ತಿದ್ದಾಗ ಗಾಡಿ ಮನೆ ಮುಂದೆ ಸುಮ್ಮನೆ ನಿಂತಿದ್ದನ್ನು ನೋಡುವುದು.

ಕೊನೆಗೆ ಟಿಂಕರಿಂಗ್ ಶೆಡ್ಡಿನ ಹಿರಿಯ ಪೇಂಟರ್ ಒಬ್ಬರು ಕೈ ಹಿಡಿದರು. ಪಾಲಿಶ್ ಮಾತೆತ್ತುವ ಮೊದಲು ಅವರು ಬಣ್ಣದ ದಪ್ಪ ಅಳೆಯುವ ಮೀಟರನ್ನು ಗಾಡಿಯ ಮೈಮೇಲೆಲ್ಲ ಇಟ್ಟು ನೋಡಿದರು. ಕಂಪನಿ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಅದರಲ್ಲಿ ಮೇಲಿನ ಕ್ಲಿಯರ್ ಕೋಟ್ ಸುಮಾರು 40-50. ತಲೆಗೂದಲಿಗಿಂತ ತೆಳುವಾದ ಈ ಪದರವನ್ನೇ ಪಾಲಿಶ್ ಸವೆಸುವುದು. “ಕಳೆದದ್ದು ಮತ್ತೆ ಬರಲ್ಲ. ಇನ್ನು ಒರಟು ಕಾಂಪೌಂಡ್ ಮುಟ್ಟಿಸಬೇಡಿ” ಎಂದರು. ಬಿಳಿ ಗಾಡಿಯಲ್ಲೂ ಇಷ್ಟೇ ಗೀರು ಇರುತ್ತವಂತೆ. ಬಿಳಿ ಬಣ್ಣ ಬೆಳಕನ್ನೆಲ್ಲ ಚೆಲ್ಲುವುದರಿಂದ ಅವು ಅದರಲ್ಲಿ ಅಡಗಿಹೋಗುತ್ತವೆ. ಕಪ್ಪು ಬೆಳಕನ್ನು ನುಂಗಿಬಿಡುತ್ತದೆ, ಗೀರಿನ ಅಂಚು ಮಾತ್ರ ಮಿನುಗುತ್ತದೆ.

ಗಾಡಿ ತೊಳೆದು, ಕ್ಲೇ ಉಜ್ಜಿ, ಅಂಟಿದ್ದ ಕಣಗಳನ್ನೆಲ್ಲ ತೆಗೆದರು. ಆಮೇಲೆ ಬಾನೆಟ್ ಮೇಲೆ ಟೇಪ್ ಅಂಟಿಸಿ ಅಂಗೈಯಗಲದ ಜಾಗ ಗುರುತು ಮಾಡಿದರು. ಅವರ ಹತ್ತಿರ ಜರ್ಮನಿಯ ಮೆಂಜರ್ನಾ ಕಂಪನಿಯ ಬಾಟಲಿಗಳಿದ್ದವು: 400 ಒರಟು, 2500 ಮಧ್ಯಮ, 3800 ಅತಿ ನುಣುಪು. ಎಲ್ಲಕ್ಕಿಂತ ನುಣುಪಾದದ್ದರಿಂದಲೇ ಶುರು ಮಾಡಿದರು. ಅದು ಸಾಲದೆ 2500 ಹಿಡಿದು, ಮತ್ತೆ 3800ರಿಂದ ಮುಗಿಸಿದರು. ಈ ಸಲ ಮಿಷಿನ್ ಸುತ್ತುತ್ತಲೇ ಅಲುಗಾಡುವಂಥದ್ದು, ಪ್ಯಾಡ್ ಮೆತ್ತನೆಯ ಫೋಮಿನದು. ಪ್ರತಿ ಬಾರಿ ಐಸೊಪ್ರೊಪೈಲ್ ಆಲ್ಕೊಹಾಲಿಗೆ ನೀರು ಬೆರೆಸಿ ಒರೆಸಿದರು. ಪಾಲಿಶ್‌ನ ಎಣ್ಣೆ ಹೋದ ಮೇಲೆ ಉಳಿಯುವುದೇ ಬಣ್ಣದ ನಿಜವಾದ ಸ್ಥಿತಿ. ಬಾಟಲಿಯ ಹೆಸರಿಗಿಂತ ಈ ಒರೆಸುವ ಕೆಲಸವೇ ದೊಡ್ಡದು ಎಂದು ನಾನು ನಂಬಿರುವುದು ಅಂದಿನಿಂದ.

ಆ ಜಾಗ ನೋಡಿ ಒಪ್ಪಿದ ಮೇಲೆ ಇಡೀ ಗಾಡಿಗೂ ಹಾಗೇ ಮಾಡಿದರು. ಗೆರೆಗಳು ಹೋದವು. ಒಂದು ಬಾಗಿಲಿನ ಅಂಚಿನಲ್ಲಿ ಮಾತ್ರ ಹಳೆಯ ಮಿಷಿನ್ ಆಳವಾಗಿ ತಿಂದ ಗುರುತು ಉಳಿಯಿತು. ಅದನ್ನು ತೆಗೆಯಲು ಹೋದರೆ ತಳದ ಬಣ್ಣವೇ ಬರುತ್ತಿತ್ತು. ಮೇಲೆ ಕಾರ್ನೌಬ ಮೇಣ ಹಚ್ಚಿಸಿದೆ. ಅದು ಬ್ರೆಜಿಲಿನ ತಾಳೆ ಜಾತಿಯ ಮರದ ಎಲೆಯಿಂದ ಬರುತ್ತದೆ.

ಆ ವರ್ಷ ದಸರಾ ದೀಪಾಲಂಕಾರದ ರಾತ್ರಿ ಪ್ರವಾಸಿಗರನ್ನು ಕೂರಿಸಿಕೊಂಡು ಅರಮನೆ ಸುತ್ತಿನ ರಸ್ತೆಗಳಲ್ಲೆಲ್ಲ ಓಡಿಸಿದೆ. ಸಿಗ್ನಲ್‌ನಲ್ಲಿ ನಿಂತಾಗ ಬಾನೆಟ್ ಮೇಲೆ ದೀಪಗಳು ಒಂದೊಂದೂ ಬಿಡಿಬಿಡಿಯಾಗಿ, ಸ್ವಚ್ಛವಾಗಿ ಕಂಡವು. ನನಗೆ ಕಣ್ಣು ತುಂಬಿ ಬಂತು.

ಕಪ್ಪು ಗಾಡಿ ಇಟ್ಟುಕೊಂಡವರಲ್ಲಿ ನನ್ನದೊಂದು ಕೋರಿಕೆ. ಮೊದಲು ಅಂಗೈಯಗಲ ಜಾಗದಲ್ಲಿ ಮಾಡಿಸಿ, ಎಣ್ಣೆ ಬಿಡುವಂತೆ ಒರೆಸಲು ಹೇಳಿ, ಗಾಡಿಯನ್ನು ಬಿಸಿಲಿಗೆ ತಂದು ನೋಡಿ. ಒಪ್ಪಿಗೆಯಾದ ಮೇಲಷ್ಟೇ ಉಳಿದ ಮೈಗೆ ಕೈ ಹಚ್ಚಲು ಬಿಡಿ.