ಮೊಲ ಗೆದ್ದಿತು, ಉಳಿದ ಪ್ರಾಣಿಗಳು?

1970ರ ದಶಕದ ಕೊನೆಗೆ ನಮ್ಮೂರ ಮಿಡ್ಲ್ ಸ್ಕೂಲಿನಲ್ಲಿ ಲೈಬ್ರರಿ ಎಂದರೆ ಹೆಡ್‌ಮಾಸ್ಟರ ಕೋಣೆಯ ಒಂದು ಬೀರು. ಬೀಗದಕೈ ಜವಾನನ ಬಳಿ. ಅವನಿಗೆ ಮನಸ್ಸು ಬಂದ ಶನಿವಾರ ಪುಸ್ತಕ ಕೈಗೆ ಸಿಗುತ್ತಿತ್ತು: ಪಂಚತಂತ್ರ, ಈಸೋಪನ ಕಥೆಗಳು, ಮಕ್ಕಳ ಮಹಾಭಾರತ, ಭಾರತ-ಭಾರತಿ ಮಾಲೆಯ ಪುಟ್ಟ ಜೀವನಚರಿತ್ರೆಗಳು. ಚಂದಮಾಮ ಬೇಕೆಂದರೆ ಕ್ಷೌರದಂಗಡಿಗೆ ಹೋಗಬೇಕು.

ಈ ಪುಸ್ತಕಗಳಲ್ಲಿ ಸೊಕ್ಕಿದವರಿಗೆ ಬುದ್ಧಿ ಕಲಿಸುವವರಿಗೆ ಬರವಿರಲಿಲ್ಲ. ಭೀಮ ಬಕಾಸುರನನ್ನು ಸಿಗಿದುಹಾಕಿದ. ಮೊಲ ಬಾವಿಯಲ್ಲಿ ಸಿಂಹಕ್ಕೆ ಅದರದೇ ಬಿಂಬ ತೋರಿಸಿ ಬೀಳಿಸಿತು. ಅತ್ತ ತರಗತಿಯಲ್ಲಿ ಹಿಂದಿನ ಬೆಂಚಿನ ದಾಂಡಿಗರು ಸಣ್ಣವರ ಗೋಲಿ ಕಸಿಯುತ್ತಿದ್ದರು, ಬುತ್ತಿ ಬಿಚ್ಚಿ ತಿನ್ನುತ್ತಿದ್ದರು, ತೊದಲುವ ಹುಡುಗನಿಂದ ಮತ್ತೆ ಮತ್ತೆ ಮಗ್ಗಿ ಹೇಳಿಸಿ ನಗುತ್ತಿದ್ದರು. ಪುಸ್ತಕದ ಸಿಂಹಕ್ಕೂ ಈ ದಾಂಡಿಗರಿಗೂ ಏನಾದರೂ ಸಂಬಂಧ ಇದೆಯೆಂದು ನಮಗಾರೂ ಹೇಳಲಿಲ್ಲ. ಮೇಷ್ಟ್ರಿಗೆ ದೂರು ಕೊಟ್ಟವನು ಚಾಡಿಕೋರನಾಗುತ್ತಿದ್ದ. ಕೊಟ್ಟರೂ ಫಲವಿರಲಿಲ್ಲ, ಡುಮ್ಮ, ಸೋಡಾಬುಡ್ಡಿ, ಕುಂಟ ಎಂಬ ಅಡ್ಡಹೆಸರುಗಳಲ್ಲಿ ಕೆಲವನ್ನು ಇಟ್ಟವರೇ ಮೇಷ್ಟ್ರು.

ಮೊಲದ ಕಥೆಯನ್ನು ಈಗ ಓದಿದರೆ ಕಣ್ಣು ಬೇರೆ ಕಡೆ ನಿಲ್ಲುತ್ತದೆ. ಸಿಂಹದ ಕಾಟ ತಾಳದೆ ಕಾಡಿನ ಪ್ರಾಣಿಗಳೆಲ್ಲ ಸಭೆ ಸೇರಿ, ದಿನಕ್ಕೊಂದು ಪ್ರಾಣಿಯನ್ನು ಕಳಿಸುತ್ತೇವೆಂದು ಒಪ್ಪಂದ ಮಾಡಿಕೊಳ್ಳುತ್ತವೆ. ಏಕಚಕ್ರಪುರದವರೂ ಬಕಾಸುರನ ಬಂಡಿಗೆ ಮನೆಮನೆಯ ಸರದಿ ಗೊತ್ತುಮಾಡಿದ್ದರು. ನಮ್ಮ ತರಗತಿಯ ಏರ್ಪಾಡೂ ಇದೇ. ಇವತ್ತು ತೊದಲುವವನ ಪಾಳಿ ಎಂದಾದರೆ ಮಿಕ್ಕವರಿಗೆಲ್ಲ ಸಂಜೆಯವರೆಗೆ ನೆಮ್ಮದಿ. ಕಥೆಯ ಕೊನೆಯ ನೀತಿವಾಕ್ಯ ಮೊಲದ ಜಾಣತನವನ್ನು ಹೊಗಳಿ ಮುಗಿಯುತ್ತಿತ್ತು. ಪಾಳಿ ಬರೆದುಕೊಟ್ಟವರ ಸುದ್ದಿಗೆ ಅದು ಹೋಗುತ್ತಿರಲಿಲ್ಲ.

ಅವರ ಕಥೆಯನ್ನು ನಾನು ಮೊದಲು ಓದಿದ್ದು ಮಗಳ ಹತ್ತನೇ ತರಗತಿಯ ಸಿಬಿಎಸ್‌ಇ ಇಂಗ್ಲಿಷ್ ಪಠ್ಯದಲ್ಲಿ. ಅಮೆರಿಕದ ಎಲಿನರ್ ಎಸ್ಟಿಸ್ 1944ರಲ್ಲಿ ಬರೆದ 'ದ ಹಂಡ್ರೆಡ್ ಡ್ರೆಸಸ್' ಅದು. ಪೋಲೆಂಡ್ ಮೂಲದ ಬಡ ಹುಡುಗಿ ವಾಂಡಾ ದಿನವೂ ಅದೇ ಮಾಸಿದ ನೀಲಿ ಫ್ರಾಕು ತೊಟ್ಟು ಬರುತ್ತಾಳೆ. ಮನೆಯಲ್ಲಿ ನೂರು ಉಡುಪುಗಳಿವೆ ಅನ್ನುತ್ತಾಳೆ. ಪೆಗ್ಗಿ ದಿನವೂ ಅದನ್ನೇ ಕೆದಕಿ ಕೇಳಿ ಗೋಳು ಹೊಯ್ದುಕೊಳ್ಳುತ್ತಾಳೆ. ಕಥೆ ಬೆನ್ನು ಹತ್ತುವುದು ಮಾತ್ರ ಪಕ್ಕದಲ್ಲಿ ಬಾಯಿ ಮುಚ್ಚಿ ನಿಂತ ಮ್ಯಾಡಿಯನ್ನು. ಅವಳೂ ಬಡವಿ, ತೊಡುವುದು ಪೆಗ್ಗಿಯ ಹಳೇ ಬಟ್ಟೆ. ಮಾತಾಡಿದರೆ ಮುಂದಿನ ಪಾಳಿ ತನ್ನದು ಎಂಬುದು ಅವಳ ಹೆದರಿಕೆ. ವಾಂಡಾ ಊರು ಬಿಟ್ಟುಹೋದ ಮೇಲೆ, ಇನ್ನೆಂದೂ ಹೀಗೆ ಸುಮ್ಮನೆ ನಿಲ್ಲಲಾರೆ ಎಂದು ಮ್ಯಾಡಿ ನಿಶ್ಚಯಿಸುತ್ತಾಳೆ. ವಾಂಡಾಳಿಗೆ ಅದರಿಂದ ಏನೂ ಸಿಗುವುದಿಲ್ಲ. ಲೇಖಕಿ ಅದನ್ನು ಮರೆಸಲು ಹೋಗಿಲ್ಲ.

ಈಗ ಮಕ್ಕಳಿಗೆ ಪುಸ್ತಕ ಸಿಗುವುದು ಜವಾನನ ಮರ್ಜಿಯಿಂದಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳನ್ನು ಪುಕ್ಕಟೆ ಓದಬಹುದು. ಅಂಗಡಿಗಳಲ್ಲಿ ಧೈರ್ಯ, ಸ್ನೇಹ, ಭಿನ್ನರಾಗಿರುವುದನ್ನು ಕುರಿತ ಚಿತ್ರಪುಸ್ತಕಗಳಿವೆ. ನನಗೆ ಇವುಗಳಲ್ಲಿ ಹಲವು ರುಚಿಸುವುದಿಲ್ಲ. ಕಾಟ ಕೊಡುವವನು ಕೊನೆಯ ಪುಟಕ್ಕೆ ಸರಿಯಾಗಿ ಕಣ್ಣೀರಿಟ್ಟು ಗೆಳೆಯನಾಗುತ್ತಾನೆ. ದೂರು ಕೊಟ್ಟ ಕೂಡಲೇ ನ್ಯಾಯ ಕೊಡುವ ಟೀಚರು ಸಿದ್ಧವಾಗಿರುತ್ತಾರೆ. ಬಾವಿಗೆ ಬಿದ್ದ ಸಿಂಹ ಇದಕ್ಕಿಂತ ಪ್ರಾಮಾಣಿಕ ಅನ್ನಿಸುತ್ತದೆ. ಆದರೂ ಹೋಗಿ ಹೇಳು, ಅದು ಚಾಡಿಯಲ್ಲ ಎಂದು ಮಗುವಿಗೆ ಅಚ್ಚಿನಲ್ಲಿ ಹೇಳುವ ಪುಸ್ತಕ ಒಂದಾದರೂ ನಮ್ಮ ಬೀರುವಿನಲ್ಲಿ ಇರಲಿಲ್ಲ.

ಒಂದು ಮಗುವಿನ ಧೈರ್ಯದಿಂದ ಬಗೆಹರಿಯದ ಕಾಟವೂ ಇದೆ. ಶಾಲೆಗೆ ತನ್ನದೇ ಗೋಣಿತಟ್ಟು ಒಯ್ದು ಮೂಲೆಯಲ್ಲಿ ಕೂರಬೇಕಾಗಿದ್ದುದನ್ನು, ಜವಾನ ನಲ್ಲಿ ತಿರುಗಿಸಿದರಷ್ಟೇ ನೀರು ಸಿಗುತ್ತಿದ್ದುದನ್ನು ಅಂಬೇಡ್ಕರ್ ಬರೆದಿದ್ದಾರೆ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (1994) ಕನ್ನಡ ನಾಡಿನಲ್ಲೇ ದಲಿತ ಹುಡುಗನೊಬ್ಬ ಪಟ್ಟ ಪಾಡನ್ನು ಹೇಳುತ್ತದೆ. ಅಲ್ಲಿ ಪಾಳಿ ಬರೆದದ್ದು ಊರು. ಹಿಂದಿನ ಬೆಂಚಿನವರು ಅದನ್ನು ಓದಿ ಹೇಳಿದರು, ಅಷ್ಟೆ. ಹದಿಹರೆಯದವರಿಗೆ ಇಂಥ ಪುಸ್ತಕ ಕೊಡದೆ ಬರಿಯ ಧೈರ್ಯದ ಪಾಠ ಹೇಳಿದರೆ ಅದು ಅರ್ಧ ಪಾಠ.

ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಅದನ್ನು ತರಗತಿಗೆ ಇಳಿಸುವುದು ಹೇಗೆಂದು ತಿಳಿಯಲು ತೊತ್ತೊ-ಚಾನ್ ಓದಬೇಕು. ಜಪಾನಿನ ತೆತ್ಸುಕೊ ಕುರೊಯಾನಗಿ ತಮ್ಮ ಬಾಲ್ಯದ ತೊಮೊಎ ಶಾಲೆಯನ್ನು ಕುರಿತು ಬರೆದ ಪುಸ್ತಕ ಇದು, ಕನ್ನಡದಲ್ಲೂ ಇದೆ. ಬೆಳವಣಿಗೆ ನಿಂತುಹೋದ ತಕಾಹಾಶಿ ಎಂಬ ಹುಡುಗನನ್ನು ಟೀಚರೊಬ್ಬರು, ನಿನಗೆ ಬಾಲ ಇದೆಯೇ ಎಂದು ತಮಾಷೆಗೆ ಕೇಳಿಬಿಡುತ್ತಾರೆ. ಹೆಡ್‌ಮಾಸ್ಟರ್ ಕೊಬಾಯಾಶಿ ಆ ಟೀಚರನ್ನು ಮಕ್ಕಳೆದುರು ಬೈಯುವುದಿಲ್ಲ. ಅಡುಗೆಮನೆಗೆ ಕರೆದು ತರಾಟೆಗೆ ತೆಗೆದುಕೊಳ್ಳುತ್ತಾರೆ. ಗಿಡ್ಡ ಕೈಕಾಲಿನ ಅದೇ ಹುಡುಗ ಗೆಲ್ಲುವ ಹಾಗೆ ಕ್ರೀಡಾದಿನದ ಆಟಗಳನ್ನೇ ಹೊಸದಾಗಿ ಕಟ್ಟುತ್ತಾರೆ. ನೀನು ಎದ್ದು ನಿಲ್ಲು ಎಂದು ಅವನಿಗೆ ಉಪದೇಶ ಮಾಡುವುದಿಲ್ಲ. ಶಾಲೆಗೆ ಈ ಪುಸ್ತಕ ಕೊಳ್ಳುವವರು ಎರಡು ಪ್ರತಿ ಕೊಳ್ಳಲಿ, ಮೊದಲನೆಯದನ್ನು ಸ್ಟಾಫ್ ರೂಮಿಗೆ ಕೊಡಲಿ.