ತಪ್ಪದ ವಾಗ್ದಾನ



ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಬಾಲಿಕೆಯರಿಗೆ ನಾವು ದೇವರ ವಾಗ್ದಾನಗಳನ್ನು ಬೋಧಿಸುತ್ತಿರುವಾಗ ಒಬ್ಬಳು ಎದ್ದು ಕೇಳಿದಳು: “1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ನಮ್ಮ ಮುತ್ತಜ್ಜನ ಗದ್ದೆ ಮುಳುಗಿತು. ಬದಲಿ ಭೂಮಿಯ ಹಕ್ಕುಪತ್ರ ಇಂದಿಗೂ ಕೈಸೇರಲಿಲ್ಲ. ದೇವರ ಮಾತೂ ಹಾಗೆಯೋ, ಅಮ್ಮನವರೇ?”

ನಾವು ಕ್ಷಣಕಾಲ ನಿರುತ್ತರರಾದೆವು. ಬಳಿಕ ಹೇಳಿದೆವು: “ಮಗಳೇ, ಮನುಷ್ಯರು ಮೊದಲು ತೆಗೆದುಕೊಂಡು ಆಮೇಲೆ ಕೊಡುವೆವೆನ್ನುವರು. ದೇವರಾದರೋ ನಾವು ಕೇಳುವುದಕ್ಕೆ ಮುಂಚೆಯೇ ತನ್ನ ಕುಮಾರನನ್ನು ಶಿಲುಬೆಯಲ್ಲಿ ಕೊಟ್ಟನು. ರಕ್ಷಣೆಯು ಕೂಲಿಯಲ್ಲ, ಕೃಪಾದಾನ. ಅರ್ಜಿಯೂ ಶುಲ್ಕವೂ ಬೇಡ, ನಂಬಿ ಕೈಚಾಚಿದರೆ ಸಾಕು.”

ಇದರಿಂದ ಆ ಮನೆಯವರ ನಷ್ಟ ತುಂಬಲಿಲ್ಲವೆಂಬುದನ್ನು ಬಲ್ಲೆವು. ಆದುದರಿಂದ ಇಷ್ಟು ದೊಡ್ಡ ದಾನವನ್ನು ಹೊಂದಿದ ನಾವು ನೆರೆಯವರಿಗೆ ಕೊಟ್ಟ ಮಾತನ್ನು ತಪ್ಪದೆ ನಡಿಸೋಣ. ಕರ್ತನಿಗೆ ಅದೇ ಯೋಗ್ಯವಾದ ಸ್ತೋತ್ರವು.