ಆಲೆಮನೆಯಲ್ಲಿ ಕೇಳಿದ ಪೌರನೀತಿಯ ಪಾಠ

ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಪೌರನೀತಿ ಬೋಧಿಸಿದವನು ನಾನು. ಮತದಾರನು ಪಕ್ಷಗಳ ಪ್ರಣಾಳಿಕೆಗಳನ್ನು ತುಲನೆ ಮಾಡಿ ವಿವೇಚನೆಯಿಂದ ಮತ ಚಲಾಯಿಸಬೇಕೆಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದೆನೋ! ನಿಮ್ಮಲ್ಲಿ ಅನೇಕರು ಆ ವಾಕ್ಯವನ್ನು ಬಾಯಿಪಾಠ ಮಾಡಿ ಅಂಕ ಗಳಿಸಿದವರೇ. ಅದರ ಮೇಲೆ ನನಗಿದ್ದ ಭರವಸೆ ಅಲುಗಾಡಿದ್ದು 2019ರ ಏಪ್ರಿಲ್‌ನಲ್ಲಿ, ಮದ್ದೂರಿನ ಸಮೀಪದ ಒಂದು ಆಲೆಮನೆಯಲ್ಲಿ.

ಹಿಂದಿನ ವರ್ಷದ ನವೆಂಬರ್ 24ರಂದು ಅಂಬರೀಶ್ ತೀರಿಕೊಂಡಿದ್ದರು. ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಅವರ ಪತ್ನಿ ಸುಮಲತಾ ಪಕ್ಷೇತರರಾಗಿ ನಿಂತಿದ್ದರು. ಎದುರಿಗೆ ಅಂದಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರ ಪುತ್ರ ನಿಖಿಲ್. ಜಿಲ್ಲೆಯ ಏಳೂ ವಿಧಾನಸಭಾ ಸ್ಥಾನಗಳು 2018ರಲ್ಲಿ ಜೆಡಿಎಸ್ ಪಾಲಾಗಿದ್ದವು.

ಗಾಣಕ್ಕೆ ಕಬ್ಬು ಕೊಡುತ್ತಿದ್ದ ಕೂಲಿಯಾಳು ನನ್ನ ಹಳೆಯ ವಿದ್ಯಾರ್ಥಿ; ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವನು. "ನಾಲೆಯ ನೀರು, ಕಬ್ಬಿನ ಬಾಕಿ, ಇವುಗಳ ಬಗ್ಗೆ ಯಾರು ಏನು ಹೇಳಿದ್ದಾರೆಂದು ನೋಡಿದೆಯೇನಪ್ಪಾ?" ಎಂದೆ. "ಅಂಬರೀಸಣ್ಣನ ಮನೆಯೋರ್ಗೇ ಕನ ಸಾ" ಎಂದ. ನನಗೆ ಸಿಟ್ಟು ಬಂತು. "ನಿಮ್ಮಂಥವರಿಂದಲೇ ಈ ಜಿಲ್ಲೆ ಹೀಗಿರುವುದು" ಎಂದುಬಿಟ್ಟೆ, ನಾಲ್ಕು ಜನರ ಮುಂದೆ.

ಅವನು ಇನ್ನೊಂದು ಹಿಡಿ ಕಬ್ಬನ್ನು ಗಾಣಕ್ಕೆ ಕೊಟ್ಟು, ತಲೆಯೆತ್ತದೆಯೇ ನುಡಿದ: "ಬಾಕಿ ಕೊಡುಸ್ತೀವಿ ಅಂತ ಎಲ್ರೂ ಬರ್ಕೊಂಡವ್ರೆ ಸಾ. ನಮ್ಮಪ್ಪ ಸಾಯೋಗಂಟ ಕಾದ. ಬರ್ದಿರೋದ್ನ ಹೆಂಗ್ ನಂಬೋದು? ಮನುಸನ್ನಾದ್ರೆ ನೋಡ್ಬೋದು. ನಾವ್ ಬಾಗ್ಲಿಗೆ ಹೋದಾಗ ಒಳಿಕ್ ಬಾ ಅಂತಾನಾ ಇಲ್ವಾ, ಅಷ್ಟೇಯ."

ಅವನ ತಂದೆ ಕಾರ್ಖಾನೆಯೊಂದಕ್ಕೆ ಕಬ್ಬು ಸಾಗಿಸಿ, ಹಣಕ್ಕಾಗಿ ಅಲೆದದ್ದು ನನಗೂ ಗೊತ್ತಿತ್ತು. ಹುಡುಗ ಶಾಲೆ ಬಿಟ್ಟದ್ದೂ ಆ ವರ್ಷವೇ. ಎರಡನ್ನೂ ನಾನು ಎಂದೂ ಜೋಡಿಸಿ ನೋಡಿರಲಿಲ್ಲ.

ಆಮೇಲೆ ಬಹಳ ಯೋಚಿಸಿದೆ. ನಮ್ಮ ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ಒರಟಾಗಿ ಗದರಿಸಿದರೂ ಜನ ಅದನ್ನು ಸಲುಗೆಯೆಂದೇ ಭಾವಿಸಿದರು. 1998, 1999, 2004ರಲ್ಲಿ ಗೆಲ್ಲಿಸಿದರು. ಕಾವೇರಿ ನ್ಯಾಯಮಂಡಳಿಯ 2007ರ ತೀರ್ಪಿನ ಬಳಿಕ ಕೇಂದ್ರ ಸಚಿವ ಪದವಿಗೆ ಅವರು ರಾಜೀನಾಮೆ ಬರೆದುಕೊಟ್ಟದ್ದನ್ನು ಮೆಚ್ಚಿದರು. ಆದರೂ 2009ರಲ್ಲಿ ಅದೇ ಜನ ಅವರನ್ನು ಸೋಲಿಸಿ ಚೆಲುವರಾಯಸ್ವಾಮಿಯವರನ್ನು ಕಳುಹಿಸಿದರು. ಇದನ್ನು ಕುರುಡು ಅಭಿಮಾನ ಎನ್ನಲಾದೀತೆ? ಹಳ್ಳಿಯ ಮಾತು, ಪಂಚೆ ಇದ್ದರೆ ಸಾಕೆಂಬುದೂ ಸುಳ್ಳು. 1962ರಲ್ಲಿ ಮದ್ದೂರಿನಲ್ಲಿ ಕೆ.ವಿ. ಶಂಕರಗೌಡರಂಥ ಹಿರಿಯರನ್ನು ಮಣಿಸಿದವರು ಅಮೆರಿಕದಲ್ಲಿ ಓದಿ ಬಂದ ಎಸ್.ಎಂ. ಕೃಷ್ಣ. ನಮ್ಮ ತಂದೆಯವರ ಪಾಲಿಗೆ ಅವರು ಕೊನೆಯವರೆಗೂ "ಸೋಮನಹಳ್ಳಿ ಹುಡುಗ"!

'ನಮ್ಮವರು' ಎಂಬ ಪದದೊಳಗೆ ಜಾತಿಯೂ ಅಡಗಿದೆಯೆಂಬುದನ್ನು ಮುಚ್ಚಿಡಲಾರೆ. ಸುಮಲತಾ ಈ ಮಣ್ಣಿನವರಲ್ಲ, ಒಕ್ಕಲಿಗರಲ್ಲ ಎಂಬ ಮಾತನ್ನು ಎದುರಾಳಿಗಳು ಎತ್ತಿದ್ದರು. ಅದು ಫಲಿಸಲಿಲ್ಲ, 1,25,876 ಮತಗಳ ಅಂತರದಿಂದ ಅವರು ಗೆದ್ದರು. 2024ರಲ್ಲಿ ಅವರು ಕಣದಲ್ಲಿರಲಿಲ್ಲ; ಅದೇ ಜನ ಕುಮಾರಸ್ವಾಮಿಯವರನ್ನು ಇನ್ನೂ ದೊಡ್ಡ ಅಂತರದಿಂದ ಗೆಲ್ಲಿಸಿದರು.

ಆದರೂ ಶಿಷ್ಯನ ಮಾತನ್ನು ಪೂರ್ತಿ ಒಪ್ಪಲು ನನ್ನಿಂದಾಗಿಲ್ಲ. ಒಳಗೆ ಕರೆದು ಕೂರಿಸಿದ ಮಾತ್ರಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಮಳವಳ್ಳಿಯ ಕೊನೆಯ ಗದ್ದೆಗೆ ತಲುಪುವುದಿಲ್ಲ. ಬರೆದುಕೊಟ್ಟ ಮಾತಿದ್ದರೆ ಐದು ವರ್ಷದ ನಂತರ ಎದುರಿಗೆ ಹಿಡಿದು ಕೇಳಬಹುದು. ಆದರೆ ಯಾರು ಹಿಡಿದು ಕೇಳಿದ್ದಾರೆ? ಮೇಷ್ಟರಾದ ನಾನಂತೂ ಕೇಳಿಲ್ಲ.

ಏಪ್ರಿಲ್ 18ರ ಮತದಾನ ಮುಗಿದ ಮರುವಾರ ಆಲೆಮನೆಗೆ ಮತ್ತೆ ಹೋದೆ. ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದಿದ್ದೆ, ನಾಲಿಗೆ ಏಳಲಿಲ್ಲ. ಅವನೇ ಬಿಸಿ ಬೆಲ್ಲವನ್ನು ಕಬ್ಬಿನ ಗರಿಯ ಮೇಲೆ ಹಾಕಿಕೊಟ್ಟು, "ನೀವ್ ಯಾರ್ಗೆ ಒತ್ತುದ್ರಿ ಸಾ?" ಎಂದು ಕೇಳಿದ. ಮತದಾನ ಗೋಪ್ಯವಪ್ಪಾ ಎಂದು ನುಣುಚಿಕೊಂಡೆ. ನಿಜವೇನೆಂದರೆ, ಆ ಸಲ ನಾನೂ ಯಾವ ಪ್ರಣಾಳಿಕೆಯನ್ನೂ ತೆರೆದು ನೋಡಿರಲಿಲ್ಲ.